ಹಳೇ ಲಿಂಕ್ ತುಂಬಿದೆ, ಹೊಸ ಲಿಂಕ್ ಖಾಲಿ ಇದೆ: ಒಳಬರುವ ಟ್ರಾಫಿಕ್‌ನ ದೋಷ ಹುಡುಕುವ ಬಗೆ

ತುಮಕೂರಿನಲ್ಲಿ ನಾವು ಒಂದು ಸಣ್ಣ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ನಡೆಸುತ್ತೇವೆ. ಕ್ಯಾತ್ಸಂದ್ರದಿಂದ ಬಟವಾಡಿ ದಾಟಿ ಗುಬ್ಬಿ ಗೇಟ್‌ವರೆಗೆ ನಮ್ಮ ಫೈಬರ್ ಇದೆ. ಹೋದ ವರ್ಷ ಎರಡನೇ ಕಂಪನಿಯಿಂದ ಇನ್ನೊಂದು ಲಿಂಕ್ ತಗೊಂಡೆವು. ಎರಡೂ ತಲಾ 2 ಜಿಬಿಪಿಎಸ್. ಇನ್ನು ನಿರಾಳ ಅಂದುಕೊಂಡೆವು. ಆದರೆ ರಾತ್ರಿ 8 ಆಯಿತೆಂದರೆ ಮತ್ತೆ ಫೋನ್ ಶುರು. ವಿಡಿಯೊ ಸುತ್ತುತ್ತಾ ಇದೆ, ವಿಡಿಯೊ ಕಾಲ್‌ನಲ್ಲಿ ಮುಖ ಕಾಣ್ತಾ ಇಲ್ಲ. ಗ್ರಾಫ್ ನೋಡಿದರೆ ಹಳೇ ಲಿಂಕ್ ಸೂರು ಮುಟ್ಟಿ ಚಪ್ಪಟೆಯಾಗಿ ನಿಂತಿದೆ. ಹೊಸ ಲಿಂಕ್‌ನಲ್ಲಿ 300 ಎಂಬಿಪಿಎಸ್ ಕೂಡ ಇಲ್ಲ.

ಇದನ್ನು ಸರಿಮಾಡಲು ನಮಗೆ ಆರು ವಾರ ಹಿಡಿಯಿತು. ಅದರಲ್ಲಿ ನಾಲ್ಕು ವಾರ ತಪ್ಪು ಜಾಗದಲ್ಲಿ ಹುಡುಕಿದೆವು. ನಿಮಗೆ ಹಾಗಾಗಬಾರದು ಎಂದು ಹುಡುಕಿದ ಕ್ರಮವನ್ನೆಲ್ಲ ಬರೆದಿಡುತ್ತಿದ್ದೇನೆ. ನಮ್ಮ ನಿಜವಾದ ನಂಬರುಗಳ ಬದಲು ಉದಾಹರಣೆಗೂ ಪರೀಕ್ಷೆಗೂ ಎಂದೇ ಮೀಸಲಿಟ್ಟ ನಂಬರುಗಳನ್ನು ಹಾಕಿದ್ದೇನೆ. ಎಎಸ್ ಅಂದರೆ ಇಂಟರ್‌ನೆಟ್‌ನಲ್ಲಿ ಒಂದು ಸಂಸ್ಥೆ ನಡೆಸುವ ನೆಟ್‌ವರ್ಕ್, ಅದಕ್ಕೊಂದು ಗುರುತಿನ ನಂಬರ್ ಇರುತ್ತದೆ. ನಾವು ಎಎಸ್ 64500, ಹಳೇ ಕಂಪನಿ 64501, ಹೊಸ ಕಂಪನಿ 64502. ನಮ್ಮ ವಿಳಾಸಗಳು 198.18.0.0/23. ಇಂಥ ವಿಳಾಸಗಳ ಗುಂಪಿಗೆ ಪ್ರಿಫಿಕ್ಸ್ ಎನ್ನುತ್ತಾರೆ. ಓರೆಗೆರೆಯ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಗುಂಪು ಚಿಕ್ಕದು, ಒಂದು /23ರಲ್ಲಿ ಎರಡು /24 ಇರುತ್ತವೆ.

ಒಂದು ಮಾತು ಮೊದಲೇ ತಲೆಯಲ್ಲಿರಲಿ. ಗುಬ್ಬಿಯಲ್ಲಿ ಮದುವೆ ಇಟ್ಟುಕೊಂಡಿದ್ದೀರಿ, ಬೆಂಗಳೂರಿನ ನೆಂಟರು ಬರಬೇಕು. ದಾಬಸ್‌ಪೇಟೆ ಮೇಲೆ ಹೆದ್ದಾರಿಯಲ್ಲಿ ಬರಬಹುದು, ಕುಣಿಗಲ್ ಮೇಲೂ ಬರಬಹುದು. ಪತ್ರಿಕೆಯಲ್ಲಿ ನೀವು ದಾರಿ ಅಚ್ಚು ಹಾಕಿಸಬಹುದು. ಆದರೆ ಯಾವ ಬಸ್ ಹತ್ತಬೇಕು ಎಂದು ತೀರ್ಮಾನಿಸುವವರು ನೆಂಟರು. ನಮ್ಮ ಮನೆಯಿಂದ ಹೊರಡುವವರನ್ನು ಯಾವ ದಾರಿಯಲ್ಲಾದರೂ ಕಳಿಸಬಹುದು, ಅದು ನಮ್ಮ ಕೈಯಲ್ಲಿದೆ. ಒಳಬರುವುದು ಕಳಿಸುವವರ ಕೈಯಲ್ಲಿದೆ. ಹಾಗಾಗಿ ಹುಡುಕಬೇಕಾದದ್ದು ಇಷ್ಟೇ: ಯಾರು, ಎಲ್ಲಿ ಕೂತು, ಯಾವ ಕಾರಣಕ್ಕೆ ಹಳೇ ಲಿಂಕ್ ಆರಿಸಿಕೊಳ್ಳುತ್ತಿದ್ದಾರೆ?

ನಮ್ಮ ಮೊದಲ ತಪ್ಪು ಇಲ್ಲೇ ಆಯಿತು. ನಮ್ಮ ರೂಟರ್‌ನಲ್ಲಿ ಹೊಸ ಲಿಂಕ್‌ನ ಲೋಕಲ್ ಪ್ರಿಫರೆನ್ಸ್ (ಯಾವ ದಾರಿಗೆ ಎಷ್ಟು ಬೆಲೆ ಎಂದು ರೂಟರ್‌ಗೆ ಹೇಳುವ ಸಂಖ್ಯೆ) ಅನ್ನು 100ರಿಂದ 200ಕ್ಕೆ ಏರಿಸಿದೆವು. ಹೊರಹೋಗುವ ಟ್ರಾಫಿಕ್ ಪೂರ್ತಿ ಹೊಸ ಲಿಂಕ್‌ಗೆ ಬಂತು. ಒಳಬರುವುದು ಒಂದು ಎಂಬಿಯೂ ಅಲುಗಲಿಲ್ಲ. ಅಲುಗುವುದೂ ಇಲ್ಲ. ಲೋಕಲ್ ಪ್ರಿಫರೆನ್ಸ್ ನಮ್ಮ ಎಎಸ್ ಒಳಗೇ ಉಳಿಯುವ ವಿಷಯ, ಹೊರಗಿನವರಿಗೆ ಅದು ಕಾಣುವುದೇ ಇಲ್ಲ.

ಗ್ರಾಫ್ ನಂಬಬಹುದಾ?

ಚಿಕ್ಕ ವಿಷಯ, ಆದರೆ ನೋಡದೆ ಮುಂದೆ ಹೋಗಬೇಡಿ. ರೂಟರ್‌ನ ಹಳೇ ಬಗೆಯ ಕೌಂಟರ್ 32 ಬಿಟ್‌ನದು. ಲಿಂಕ್‌ನಲ್ಲಿ 1 ಜಿಬಿಪಿಎಸ್ ಹರಿಯುತ್ತಿದ್ದರೆ ಅದು ಸುಮಾರು 34 ಸೆಕೆಂಡಿಗೊಮ್ಮೆ ತುಂಬಿ ಸೊನ್ನೆಗೆ ಬರುತ್ತದೆ. ನೀವು 5 ನಿಮಿಷಕ್ಕೊಮ್ಮೆ ಓದಿದರೆ ಬರುವ ಗ್ರಾಫ್ ಸುಳ್ಳು. 64 ಬಿಟ್‌ನ ಕೌಂಟರನ್ನೇ ಓದಿ, ಅದರ ಹೆಸರಿನಲ್ಲಿ ಎಚ್‌ಸಿ ಎಂದು ಇರುತ್ತದೆ. ಕಂಪನಿಯವರ ಜೊತೆ ಫೋನಿನಲ್ಲಿ ಮಾತಾಡುವಾಗ ಇನ್ನೊಂದು ಗೊಂದಲ ಆಗುತ್ತದೆ. ಅವರ ಗ್ರಾಫಿನ "ಔಟ್" ಅಂದರೆ ನಮ್ಮ "ಇನ್". ನಾವು ಅರ್ಧ ದಿನ ಇದರಲ್ಲೇ ಕಳೆದೆವು.

ಯಾರು ಕಳಿಸುತ್ತಿದ್ದಾರೆ?

ಈ ಹೆಜ್ಜೆಯನ್ನು ನಾವು ತುಂಬಾ ತಡವಾಗಿ ಮಾಡಿದೆವು. ಎರಡನೆಯದಾಗಿಯೇ ಮಾಡಬೇಕಿತ್ತು. ಯಾರಿಂದ ಎಷ್ಟು ಬರುತ್ತಿದೆ ಎಂದು ಲೆಕ್ಕ ಕೊಡುವ ನೆಟ್‌ಫ್ಲೋ ಅಥವಾ ಎಸ್‌ಫ್ಲೋ ಅನ್ನು ರೂಟರ್‌ನಲ್ಲಿ ಹಾಕಿ, ರಾತ್ರಿ 9ರಿಂದ 10ರವರೆಗಿನ ಮಾಹಿತಿಯನ್ನು ಕಳಿಸುವವರ ಎಎಸ್ ನಂಬರಿನ ಪ್ರಕಾರ ಜೋಡಿಸಿ. ಮನೆ ಬ್ರಾಡ್‌ಬ್ಯಾಂಡ್ ಆದರೆ ಪಟ್ಟಿಯ ಮೇಲ್ಭಾಗ ಉದ್ದ ಇರುವುದಿಲ್ಲ. ಗೂಗಲ್ 15169, ಮೆಟಾ 32934, ನೆಟ್‌ಫ್ಲಿಕ್ಸ್ 2906, ಅಕಮೈ 20940, ಅಮೆಜಾನ್ 16509, ಕ್ಲೌಡ್‌ಫ್ಲೇರ್ 13335, ಇಂಥವೇ ಕಾಣುತ್ತವೆ. ಇಡೀ ಇಂಟರ್‌ನೆಟ್ಟನ್ನು ಪಳಗಿಸಬೇಕಾಗಿಲ್ಲ, ಈ ಐದಾರು ಜನ ಯಾವ ದಾರಿ ಹಿಡಿಯುತ್ತಾರೆ ಎಂದು ತಿಳಿದರೆ ಸಾಕು.

ನಮ್ಮ ಪಟ್ಟಿ ತೆರೆದಾಗ ಎಲ್ಲಕ್ಕಿಂತ ಮೇಲೆ ಇದ್ದದ್ದು ಇವರಾರೂ ಅಲ್ಲ. 64501, ಅಂದರೆ ನಮ್ಮ ಹಳೇ ಕಂಪನಿಯೇ! ಆ ಕಂಪನಿ ತಾನಾಗಿ ವಿಡಿಯೊ ಮಾಡಿ ಕಳಿಸುತ್ತಿಲ್ಲವಲ್ಲ? ವಿಳಾಸಗಳನ್ನು ಒಂದೊಂದಾಗಿ ನೋಡಿದಾಗ ತಿಳಿಯಿತು, ಅವು ಕ್ಯಾಶ್ ಸರ್ವರ್‌ಗಳು, ಅಂದರೆ ವಿಡಿಯೊಗಳ ಪ್ರತಿಯನ್ನು ಹತ್ತಿರದಲ್ಲೇ ಇಟ್ಟುಕೊಂಡು ಕೊಡುವ ಸರ್ವರ್‌ಗಳು. ದೊಡ್ಡ ವಿಡಿಯೊ ಕಂಪನಿಗಳು ತಮ್ಮ ಸರ್ವರ್‌ಗಳನ್ನು ಇಂಟರ್‌ನೆಟ್ ಕಂಪನಿಗಳ ಜಾಗದಲ್ಲೇ ಇಡುತ್ತವೆ, ಅವಕ್ಕೆ ಆ ಕಂಪನಿಯದೇ ವಿಳಾಸ ಇರುತ್ತದೆ. ಅಲ್ಲಿಂದ ಹೊರಟ ವಿಡಿಯೊ ಹಳೇ ಕಂಪನಿಯ ಒಳಗೇ ಹರಿದು ನೇರ ನಮ್ಮ ಹಳೇ ಲಿಂಕ್‌ಗೆ ಬೀಳುತ್ತದೆ. ಹೊರಗೆ ಬರುವುದೇ ಇಲ್ಲ. ಹೊರಗಿನವರಿಗೆ ನಾವು ಎಷ್ಟು ಹೇಳಿದರೂ ಈ ಪಾಲು ಕದಲುವುದಿಲ್ಲ. ನಾಲ್ಕು ವಾರ ವ್ಯರ್ಥವಾದದ್ದು ಈ ಒಂದು ಸಾಲು ನೋಡದೆ.

ಹೊರಗಿನಿಂದ ನಿಂತು ನೋಡಿ

ನಿಮ್ಮ ಆಫೀಸಿನಿಂದ ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಆಜ್ಞೆ) ಹಾಕಿದರೆ ಕಾಣುವುದು ಹೊರಹೋಗುವ ದಾರಿ. ಬರುವ ದಾರಿ ಬೇರೆಯೇ ಇರಬಹುದು, ಬಹಳ ಸಲ ಇರುತ್ತದೆ. ಹೊರಗಿನಿಂದ ನಿಮ್ಮ ಕಡೆಗೆ ಟ್ರೇಸ್‌ರೂಟ್ ಹಾಕಬೇಕು. ಇದಕ್ಕೆ ಲುಕಿಂಗ್ ಗ್ಲಾಸ್ ಎಂಬ ಪುಟಗಳನ್ನು ಅನೇಕ ಕಂಪನಿಗಳು ತೆರೆದಿಟ್ಟಿವೆ. ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್ ಮತ್ತು ರೈಪ್ ಸಂಸ್ಥೆಯ ರೈಪ್‌ಸ್ಟ್ಯಾಟ್ ಜಗತ್ತಿನ ಬೇರೆ ಬೇರೆ ಕಡೆಯಿಂದ ನಿಮ್ಮ ಪ್ರಿಫಿಕ್ಸ್ ಹೇಗೆ ಕಾಣುತ್ತದೆ ಎಂದು ತೋರಿಸುತ್ತವೆ. ದುಡ್ಡು ಕೊಡಬೇಕಾಗಿಲ್ಲ.

ನಮಗೆ ಕಂಡ ಎರಡು ಸಾಲು ಹೀಗಿದ್ದವು:

64510 64501 64500 64500 64500
64511 64502 64500

ಬಲಗಡೆಯಿಂದ ಓದಿ. ಬಲತುದಿಯಲ್ಲಿ ಇರುವವರು ನಾವು, ಎಡತುದಿಯಲ್ಲಿ ಇರುವುದು ಹೊರಗಿನ ಒಂದು ನೆಟ್‌ವರ್ಕ್. ಮೊದಲ ಸಾಲಿನಲ್ಲಿ ನಮ್ಮ ನಂಬರ್ ಮೂರು ಸಲ ಇದೆ, ಏಕೆಂದರೆ ಅಷ್ಟರಲ್ಲಿ ಹಳೇ ಕಂಪನಿ ಕಡೆಗೆ ನಾವು ಎರಡು ಪ್ರಿಪೆಂಡ್ ಹಾಕಿದ್ದೆವು, ಅಂದರೆ ನಮ್ಮ ನಂಬರನ್ನು ಇನ್ನೆರಡು ಸಲ ಸೇರಿಸಿದ್ದೆವು. ಅಷ್ಟು ಉದ್ದ ಮಾಡಿದ್ದರೂ 64510 ಹಳೇ ಕಂಪನಿಯ ದಾರಿಯನ್ನೇ ಹಿಡಿದಿದೆ. ಏಕೆ?

ಪ್ರಿಪೆಂಡ್ ಕೆಲಸ ಮಾಡದಿದ್ದಾಗ

ಪ್ರಿಪೆಂಡ್ ಅಂದರೆ ನಮ್ಮ ನಂಬರನ್ನೇ ಮತ್ತೆ ಮತ್ತೆ ಸೇರಿಸಿ ದಾರಿ ಉದ್ದ ಇದೆ ಎಂದು ತೋರಿಸುವುದು. ಮದುವೆ ಪತ್ರಿಕೆಯಲ್ಲಿ "ಈ ದಾರಿ ಸ್ವಲ್ಪ ದೂರ" ಎಂದು ಬರೆದ ಹಾಗೆ. ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ. ಎರಡು ಹಾಕಿದಾಗ ಸುಮಾರು 100 ಎಂಬಿಪಿಎಸ್ ಹೊಸ ಲಿಂಕ್‌ಗೆ ಬಂತು. ಖುಷಿಯಾಗಿ ಐದಕ್ಕೆ ಏರಿಸಿದೆವು. ಏನೂ ಆಗಲಿಲ್ಲ.

ಕಾರಣ ಬಿಜಿಪಿ ಆರಿಸುವ ಕ್ರಮದಲ್ಲಿದೆ. ಬಿಜಿಪಿ ಅಂದರೆ "ಈ ವಿಳಾಸಗಳಿಗೆ ನನ್ನ ಮೂಲಕ ಬನ್ನಿ" ಎಂದು ನೆಟ್‌ವರ್ಕ್‌ಗಳು ಒಂದಕ್ಕೊಂದು ಘೋಷಿಸುವ ಪದ್ಧತಿ. ದಾರಿಯ ಉದ್ದ ನೋಡುವುದಕ್ಕೆ ಮೊದಲು ರೂಟರ್ ತನ್ನ ಲೋಕಲ್ ಪ್ರಿಫರೆನ್ಸ್ ನೋಡುತ್ತದೆ. ಅಲ್ಲೇ ತೀರ್ಮಾನ ಆಗಿಬಿಟ್ಟರೆ ಉದ್ದವನ್ನು ಕೇಳುವವರೇ ಇಲ್ಲ. ಸಾಮಾನ್ಯವಾಗಿ ಪ್ರತಿ ಕಂಪನಿಯೂ ತನ್ನ ಗ್ರಾಹಕರ ಕಡೆಯ ದಾರಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತದೆ, ಅದರಿಂದ ಹಣ ಬರುತ್ತದೆ. ಆಮೇಲೆ ಪಿಯರಿಂಗ್, ಅಂದರೆ ಇಬ್ಬರೂ ಪುಕ್ಕಟೆಯಾಗಿ ಟ್ರಾಫಿಕ್ ಬದಲಿಸಿಕೊಳ್ಳುವ ಲಿಂಕ್. ಕೊನೆಗೆ ತಾನೇ ಹಣ ಕೊಡುವ ಟ್ರಾನ್ಸಿಟ್. 64510ಗೆ ಹಳೇ ಕಂಪನಿಯ ಜೊತೆ ಪಿಯರಿಂಗ್ ಇರಬೇಕು, ಹೊಸ ಕಂಪನಿಯ ದಾರಿ ಟ್ರಾನ್ಸಿಟ್ ಮೇಲೆ ಸಿಗುತ್ತಿರಬೇಕು. ನೆಂಟರ ಕೈಲಿ ಆ ಬಸ್ಸಿನ ಪಾಸ್ ಇದೆ. ದೂರ ಎಂದರೂ ಅವರು ಅದನ್ನೇ ಹತ್ತುತ್ತಾರೆ.

ಎರಡೂ ದಾರಿಗೆ ಸಮಾನ ಬೆಲೆ ಕೊಡುವವರ ಮೇಲೆ ಮಾತ್ರ ಪ್ರಿಪೆಂಡ್ ಪರಿಣಾಮ ಬೀರುತ್ತದೆ. ಅವರು ಒಂದೋ ಎರಡೋ ಪ್ರಿಪೆಂಡ್‌ಗೇ ತಿರುಗುತ್ತಾರೆ. ಎರಡರಲ್ಲಿ ತಿರುಗದವರು ಎಂಟರಲ್ಲೂ ತಿರುಗುವುದು ಅಪರೂಪ. ಜಾಸ್ತಿ ಹಾಕಿದರೆ ಅಪಾಯವೂ ಇದೆ. ನಮ್ಮ ದಾರಿ ಅಷ್ಟು ಉದ್ದ ಕಂಡಾಗ, ಬೇರೆ ಯಾರಾದರೂ ತಪ್ಪಿಯೋ ಬೇಕೆಂದೋ ಅದೇ ಪ್ರಿಫಿಕ್ಸ್ ಘೋಷಿಸಿದರೆ ಅವರ ದಾರಿ ಚಿಕ್ಕದಾಗಿ ಕಂಡು ಟ್ರಾಫಿಕ್ ಆ ಕಡೆ ಹೋಗುತ್ತದೆ.

ಎಂಇಡಿ ಬಗ್ಗೆಯೂ ಕೇಳುತ್ತಾರೆ, ಅಂದರೆ ಪಕ್ಕದ ಕಂಪನಿಗೆ "ಈ ಲಿಂಕ್ ಹಿಡಿಯಿರಿ" ಎಂದು ಸೂಚಿಸುವ ಸಂಖ್ಯೆ. ಒಂದೇ ಕಂಪನಿಗೆ ಎರಡು ಲಿಂಕ್ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಎರಡು ಬೇರೆ ಕಂಪನಿಗಳ ನಡುವೆ ಅಲ್ಲ.

ಕಮ್ಯುನಿಟಿ

ಕಮ್ಯುನಿಟಿ ಎಂದರೆ ಘೋಷಣೆಗೆ ಅಂಟಿಸುವ ಚೀಟಿ. 1996ರಿಂದಲೂ ಇದೆ. "ನನ್ನ ಈ ಪ್ರಿಫಿಕ್ಸ್‌ಗೆ ನಿಮ್ಮಲ್ಲಿ ಬೆಲೆ ಕಡಿಮೆ ಇಡಿ", "ಇಂಥ ಪಿಯರ್‌ಗೆ ಹೇಳಬೇಡಿ" ಎಂದು ಅಪ್‌ಸ್ಟ್ರೀಮ್ ಕಂಪನಿಗೆ (ನಮಗೆ ಲಿಂಕ್ ಕೊಡುವವರಿಗೆ) ಕೇಳಿಕೊಳ್ಳುವ ದಾರಿ ಇದು. ಯಾವ ನಂಬರ್‌ಗೆ ಏನು ಅರ್ಥ ಎಂದು ಪ್ರತಿ ಕಂಪನಿಯೂ ತಾನೇ ನಿರ್ಧರಿಸುತ್ತದೆ. ಪಟ್ಟಿ ಕೇಳಿ ಪಡೆಯಿರಿ. ಲಿಂಕ್ ಕೊಳ್ಳುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.

ಚೀಟಿ ಅಂಟಿಸಿಯೂ ಏನೂ ಆಗದಿದ್ದರೆ ಎರಡು ನೋಡಿ. ಸಿಸ್ಕೊ ಐಒಎಸ್ ರೂಟರ್‌ಗಳು ನೀವು ಸೆಂಡ್-ಕಮ್ಯುನಿಟಿ ಎಂಬ ಸಾಲು ಬರೆಯುವವರೆಗೆ ಚೀಟಿಯನ್ನು ಆಚೆ ಕಳಿಸುವುದಿಲ್ಲ. ನಮ್ಮ ರೂಟರ್ ಅದೇ ಬಗೆಯದು, ಎರಡು ದಿನ ಸುಮ್ನೆ ಕಾಯುತ್ತಾ ಕೂತೆವು. ಎರಡನೆಯದು, ಹಳೇ ಕಮ್ಯುನಿಟಿಯಲ್ಲಿ ಎಎಸ್ ನಂಬರಿಗೆ ಇರುವ ಜಾಗ 16 ಬಿಟ್ ಮಾತ್ರ. ಈಗ ಸಿಗುವ ಉದ್ದನೆಯ ಎಎಸ್ ನಂಬರುಗಳು ಅದರಲ್ಲಿ ಹಿಡಿಸುವುದಿಲ್ಲ. ಅದಕ್ಕಾಗಿ 2017ರಲ್ಲಿ ಲಾರ್ಜ್ ಕಮ್ಯುನಿಟಿ ಬಂತು. ಕಂಪನಿ ಯಾವುದನ್ನು ಓದುತ್ತದೆ ಎಂದು ಖಚಿತ ಮಾಡಿಕೊಳ್ಳಿ.

ನಮಗೆ ಕಮ್ಯುನಿಟಿ ಪೂರ್ತಿ ಹೊಂದಲಿಲ್ಲ. ಹಳೇ ಕಂಪನಿಯಲ್ಲಿ ಬೆಲೆ ಇಳಿಸುವ ಚೀಟಿಯನ್ನು /23ಕ್ಕೆ ಅಂಟಿಸಿದ ಕೂಡಲೇ ಟ್ರಾಫಿಕ್ ಅಷ್ಟೂ ಹೊಸ ಲಿಂಕ್ ಮೇಲೆ ಬಿತ್ತು. ಈಗ ಅದು ತುಂಬಿತು, ಹಳೆಯದು ಖಾಲಿ. ಕ್ಯಾಶ್‌ನ ವಿಡಿಯೊ ಕೂಡ ಹಳೇ ಕಂಪನಿಯಿಂದ ಹೊರಟು ಹೊಸ ಕಂಪನಿಗೆ ಸುತ್ತಿ ಬರತೊಡಗಿತು. ಹತ್ತೇ ನಿಮಿಷದಲ್ಲಿ ತೆಗೆದೆವು. ನಮಗೆ ಬೇಕಿದ್ದದ್ದು ಅರ್ಧ ಭಾಗ ಮಾತ್ರ.

ಪ್ರಿಫಿಕ್ಸ್ ಒಡೆಯುವುದು

ಬಿಜಿಪಿಯ ಆಯ್ಕೆ ಏನೇ ಇರಲಿ, ಪ್ಯಾಕೆಟ್ ಕಳಿಸುವಾಗ ರೂಟರ್ ಹೆಚ್ಚು ನಿಖರವಾದ ಪ್ರಿಫಿಕ್ಸನ್ನೇ ಹಿಡಿಯುತ್ತದೆ. /23 ಮತ್ತು ಅದರೊಳಗಿನ /24 ಎರಡೂ ಇದ್ದರೆ ಗೆಲ್ಲುವುದು /24. ಇದರ ಶಕ್ತಿ ಎಷ್ಟೆಂದು ಜಗತ್ತು 2008ರ ಫೆಬ್ರುವರಿ 24ರಂದು ನೋಡಿತು. ಯೂಟ್ಯೂಬ್ ತನ್ನ ವಿಳಾಸಗಳನ್ನು /22 ಎಂದು ಘೋಷಿಸುತ್ತಿತ್ತು. ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೊರಟ ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ ಒಂದು /24 ಅನ್ನು ಘೋಷಿಸಿತು, ಆ ಘೋಷಣೆ ಹೊರಗೆ ಸೋರಿತು. ಜಗತ್ತಿನ ಬಹುಭಾಗದ ಯೂಟ್ಯೂಬ್ ಟ್ರಾಫಿಕ್ ಅಲ್ಲಿಗೆ ಹೋಯಿತು.

ಅದೇ ನಿಯಮವನ್ನು ನಮ್ಮದೇ ವಿಳಾಸಕ್ಕೆ ಬಳಸಬಹುದು. 198.18.0.0/24 ಅನ್ನು ಹಳೇ ಕಂಪನಿಗೆ, 198.18.1.0/24 ಅನ್ನು ಹೊಸ ಕಂಪನಿಗೆ ಘೋಷಿಸುವುದು. /24ಕ್ಕಿಂತ ಚಿಕ್ಕದನ್ನು ಹೊರಗಿನ ಬಹುತೇಕ ನೆಟ್‌ವರ್ಕ್‌ಗಳು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಮ್ಮ ಹತ್ತಿರ ಇರುವುದು ಎರಡೇ ತುಂಡು. ಹೀಗೆ ಒಡೆದರೆ ಇಡೀ ಜಗತ್ತಿನ ರೂಟಿಂಗ್ ಟೇಬಲ್‌ಗೆ ನಮ್ಮಿಂದ ಭಾರ ಸೇರುತ್ತದೆ, ಅದಕ್ಕೇ ಬೇಕಾದಷ್ಟು ಮಾತ್ರ ಒಡೆಯಿರಿ.

ಒಡೆದಾಗ ನಮಗೆ ಮೂರು ಕಡೆ ಪೆಟ್ಟು ಬಿತ್ತು.

ಮೊದಲನೆಯದು, ನಮ್ಮ ರೂಟರ್ /24 ಕಳಿಸಿದ್ದೇನೆ ಎಂದು ತೋರಿಸುತ್ತಿತ್ತು. ಹೊಸ ಕಂಪನಿಯ ಲುಕಿಂಗ್ ಗ್ಲಾಸ್‌ನಲ್ಲಿ ಅದು ಇರಲೇ ಇಲ್ಲ. ಅವರ ಫಿಲ್ಟರ್‌ನಲ್ಲಿ ನಮ್ಮ ಹೆಸರಿಗೆ /23 ಮಾತ್ರ ಬರೆದಿತ್ತು. ಮೇಲ್ ಹಾಕಿ, ಎರಡು ದಿನ ಹಿಂದೆ ಬಿದ್ದು ಸರಿ ಮಾಡಿಸಿದೆವು.

ಎರಡನೆಯದು ಸೂಕ್ಷ್ಮ. ಫಿಲ್ಟರ್ ತೆರೆದ ಮೇಲೆ /24 ಕೆಲವು ಕಡೆ ಕಂಡಿತು, ಕೆಲವು ಕಡೆ ಇಲ್ಲ. ರೈಪ್‌ಸ್ಟ್ಯಾಟ್‌ನಲ್ಲಿ ಅದರ ಪಕ್ಕ "ಇನ್‌ವ್ಯಾಲಿಡ್" ಎಂದು ಇತ್ತು. ವಿಳಾಸ ಪಡೆದಾಗ ಮಾಡಿಸಿದ್ದ ಆರ್‌ಒಎಯಲ್ಲಿ (ಯಾವ ಎಎಸ್ ಯಾವ ವಿಳಾಸ ಘೋಷಿಸಬಹುದು ಎಂಬ ಸಹಿ ಮಾಡಿದ ದಾಖಲೆ) ಗರಿಷ್ಠ ಉದ್ದ 23 ಎಂದು ಬರೆದಿತ್ತು. ಅಂದರೆ 64500 ಈ ವಿಳಾಸಗಳನ್ನು /23 ಆಗಿ ಮಾತ್ರ ಘೋಷಿಸಬಹುದು ಎಂದು ನಾವೇ ಸಹಿ ಹಾಕಿ ಕೊಟ್ಟಿದ್ದೆವು. /24 ನೋಡಿದ ನೆಟ್‌ವರ್ಕ್‌ಗಳು ಇದು ಕಳ್ಳ ಘೋಷಣೆ ಎಂದು ಎಸೆಯುತ್ತಿದ್ದವು. ಅವರು ಮಾಡಿದ್ದು ಸರಿಯೇ. ವಿಳಾಸ ಹಂಚುವ ರಿಜಿಸ್ಟ್ರಿಯ ಖಾತೆಗೆ ಹೋಗಿ ಎರಡು /24ಕ್ಕೂ ಬೇರೆ ಬೇರೆ ಆರ್‌ಒಎ ಮಾಡಿಸಿದೆವು. ಗರಿಷ್ಠ ಉದ್ದವನ್ನು ಸುಮ್ನೆ 24ಕ್ಕೆ ಏರಿಸಿ ಕೈತೊಳೆದುಕೊಳ್ಳಬೇಡಿ. ನಿಜವಾಗಿ ಘೋಷಿಸುವುದಕ್ಕೆ ಮಾತ್ರ ಆರ್‌ಒಎ ಇರಲಿ, 2022ರಲ್ಲಿ ಬಂದ ಆರ್‌ಎಫ್‌ಸಿ 9319 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ ಕೂಡ ಇದನ್ನೇ ಹೇಳುತ್ತದೆ. ಆರ್‌ಒಎ ಮೊದಲು ಮಾಡಿ, ಅದು ಎಲ್ಲ ಕಡೆ ಹರಡಲು ಸಮಯ ಕೊಡಿ, ಆಮೇಲೆ ಘೋಷಿಸಿ.

ಮೂರನೆಯದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಒಡೆದ ಮೇಲೆ /23ರ ಘೋಷಣೆಯನ್ನು ತೆಗೆದುಬಿಟ್ಟಿದ್ದೆವು. ನಾಲ್ಕನೇ ದಿನ ಹೆದ್ದಾರಿ ಪಕ್ಕ ಜೆಸಿಬಿ ತೋಡುವಾಗ ಹೊಸ ಕಂಪನಿಯ ಫೈಬರ್ ತುಂಡಾಯಿತು. 198.18.1.0/24ಕ್ಕೆ ಬರುವ ದಾರಿಯೇ ಇಲ್ಲ. ಹಳೇ ಲಿಂಕ್ ಸರಿಯಾಗಿಯೇ ಇತ್ತು, ಆದರೂ ಅರ್ಧದಷ್ಟು ಗ್ರಾಹಕರಿಗೆ ಇಂಟರ್‌ನೆಟ್ ಪೂರ್ತಿ ನಿಂತಿತು. ಎರಡು ಲಿಂಕ್‌ಗೆ ದುಡ್ಡು ಕೊಟ್ಟು ಒಂದು ಲಿಂಕ್ ಇದ್ದ ಕಾಲಕ್ಕಿಂತ ಕೆಟ್ಟ ಸ್ಥಿತಿ. /24 ಹಂಚುವಾಗ /23 ಅನ್ನು ಎರಡೂ ಕಡೆ ಇಟ್ಟೇ ಇರಬೇಕು. ಒಂದು ಲಿಂಕ್ ಬಿದ್ದರೆ ಅದರ /24 ಮರೆಯಾಗುತ್ತದೆ, ಉಳಿದ /23 ಇನ್ನೊಂದು ಲಿಂಕ್‌ನಿಂದ ಎಲ್ಲರನ್ನೂ ಕರೆತರುತ್ತದೆ. ಘೋಷಣೆ ಕಾಯಂ ಆಗಿ ಉಳಿಯಲು ರೂಟರ್‌ನಲ್ಲಿ ಆ ಪ್ರಿಫಿಕ್ಸ್‌ಗಳಿಗೆ ಒಂದೊಂದು ನಲ್ ರೂಟ್ (ಎಲ್ಲಿಗೂ ಹೋಗದ ದಾರಿಯ ಸಾಲು) ಬೇಕು ಎಂಬುದನ್ನೂ ಮರೆಯಬೇಡಿ.

ಎನ್‌ಎಟಿ ಪೂಲ್ ಮತ್ತು ಡಿಎನ್‌ಎಸ್

ಒಡೆದ ಮೇಲೂ ಸಮ ಆಗಲಿಲ್ಲ. ಹಳೇ ಲಿಂಕ್ 1.7 ಜಿಬಿಪಿಎಸ್, ಹೊಸದು 0.6. ನಮ್ಮ ಮನೆ ಗ್ರಾಹಕರೆಲ್ಲ ಎನ್‌ಎಟಿ ಹಿಂದೆ ಇದ್ದಾರೆ, ಅಂದರೆ ಅನೇಕರು ಒಂದೇ ಹೊರವಿಳಾಸ ಹಂಚಿಕೊಳ್ಳುತ್ತಾರೆ. ಆ ಹೊರವಿಳಾಸಗಳ ಗುಂಪೇ ಪೂಲ್. ಯಾವ ವಿಳಾಸ ಹೊತ್ತು ಹೊರಟರೋ ಉತ್ತರ ಆ ವಿಳಾಸಕ್ಕೇ ಬರುತ್ತದೆ. ಪೂಲ್ ತೆರೆದು ನೋಡಿದರೆ ಮೊದಲ /24ರಲ್ಲೇ ಹೆಚ್ಚಿನ ಬಡಾವಣೆಗಳನ್ನು ಸೇರಿಸಿದ್ದೆವು, ನೆಟ್‌ವರ್ಕ್ ಸಣ್ಣದಿದ್ದಾಗ ಮಾಡಿದ್ದು. ಬಟವಾಡಿ ಕಡೆಯ ಗ್ರಾಹಕರನ್ನು ಎರಡನೇ ಪೂಲ್‌ಗೆ ಸರಿಸಿದೆವು. ಅದೇ ರಾತ್ರಿ ಗ್ರಾಫ್ 1.2 ಮತ್ತು 1.1ಕ್ಕೆ ಬಂತು. ಯಾವ ಕಂಪನಿಯನ್ನೂ ಕೇಳಬೇಕಾಗಿರಲಿಲ್ಲ. ಒಳಬರುವುದರಲ್ಲಿ ಪೂರ್ತಿ ನಮ್ಮ ಕೈಯಲ್ಲಿರುವ ತಿರುಪು ಇದೊಂದೇ, ಅಲ್ವಾ? ಆದರೂ ಇದು ನಮಗೆ ಕೊನೆಗೆ ಹೊಳೆಯಿತು.

ಮರುದಿನ ಬಟವಾಡಿಯಿಂದ ಒಂದು ವಿಚಿತ್ರ ದೂರು. ಒಂದು ವಿಡಿಯೊ ಸೇವೆ ಮಾತ್ರ ನಿಧಾನ, ಉಳಿದದ್ದೆಲ್ಲ ಚುರುಕು. ಹರಿವಿನ ಮಾಹಿತಿ ನೋಡಿದರೆ ಅದು ಇನ್ನೂ ಹಳೇ ಕಂಪನಿಯ ಕ್ಯಾಶ್‌ನಿಂದಲೇ ಹೊರಟು, ಸುತ್ತು ಹಾಕಿ ಹೊಸ ಲಿಂಕ್‌ನಲ್ಲಿ ಬರುತ್ತಿತ್ತು. ಕೆಲವು ಸೇವೆಗಳು ಯಾವ ಕ್ಯಾಶ್‌ನಿಂದ ಕೊಡಬೇಕು ಎಂದು ತೀರ್ಮಾನಿಸುವುದು ಗ್ರಾಹಕರ ವಿಳಾಸ ನೋಡಿ ಅಲ್ಲ, ಪ್ರಶ್ನೆ ಕೇಳಿದ ಡಿಎನ್‌ಎಸ್ ರಿಸಾಲ್ವರ್‌ನ (ಸೈಟಿನ ಹೆಸರಿಗೆ ವಿಳಾಸ ಹುಡುಕಿ ಕೊಡುವ ಸರ್ವರ್) ವಿಳಾಸ ನೋಡಿ. ನಮ್ಮ ರಿಸಾಲ್ವರ್ ಇದ್ದದ್ದು ಮೊದಲ /24ರಲ್ಲಿ. ಆ ಸೇವೆಗೆ ಇಡೀ ತುಮಕೂರೇ ಹಳೇ ಕಂಪನಿಯ ಹಿಂದೆ ಇದ್ದ ಹಾಗೆ ಕಂಡಿತ್ತು. ಎರಡನೇ /24ರಲ್ಲಿ ಇನ್ನೊಂದು ರಿಸಾಲ್ವರ್ ಹಾಕಿ, ಆ ಪೂಲ್‌ನವರಿಗೆ ಅದನ್ನೇ ಕೊಟ್ಟೆವು. ದೂರು ನಿಂತಿತು.

ಐಪಿವಿ6 (ಹೊಸ ಬಗೆಯ ಉದ್ದನೆಯ ವಿಳಾಸ) ಇದ್ದರೆ ಇದೆಲ್ಲವನ್ನೂ ಅದಕ್ಕೂ ಬೇರೆಯಾಗಿ ನೋಡಬೇಕು. ಅಲ್ಲಿ ಒಡೆಯಬಹುದಾದ ಕೊನೆಯ ಗಾತ್ರ /48. ಹೊಸ ಲಿಂಕ್‌ನಲ್ಲಿ ಐಪಿವಿ6ನ ಬಿಜಿಪಿ ಸೆಷನ್ (ಸಂಪರ್ಕ) ಏರದಿದ್ದರೆ ಆ ಪಾಲೆಲ್ಲ ಹಳೇ ಲಿಂಕ್‌ನಲ್ಲೇ ಬರುತ್ತಿರುತ್ತದೆ. ಗೂಗಲ್, ಮೆಟಾ ಎರಡೂ ಐಪಿವಿ6ನಲ್ಲಿ ಸಿಗುವುದರಿಂದ ಅದು ಸಣ್ಣ ಪಾಲಲ್ಲ.

ಸ್ವಂತ ಎಎಸ್ ಇಲ್ಲದವರಿಗೆ

ಕಾಲೇಜು, ಆಸ್ಪತ್ರೆ, ವಸಂತನರಸಾಪುರದ ಕಾರ್ಖಾನೆ ಇಂಥ ಕಡೆ ಎರಡು ಬ್ರಾಡ್‌ಬ್ಯಾಂಡ್ ಇರುತ್ತವೆ, ಬಿಜಿಪಿ ಇರುವುದಿಲ್ಲ. ಅಲ್ಲಿ ಕೆಲಸ ಸುಲಭ. ಯಾವ ಲಿಂಕ್‌ನ ವಿಳಾಸದಿಂದ ಹೊರಟಿತೋ ಉತ್ತರ ಅದರಲ್ಲೇ ಬರುತ್ತದೆ. ಫೈರ್‌ವಾಲ್‌ನಲ್ಲಿ ಹೊರಹೋಗುವ ಸೆಷನ್‌ಗಳನ್ನು ಹಂಚಿದರೆ ಒಳಬರುವುದೂ ಹಂಚಿಹೋಗುತ್ತದೆ. ಒಂದು ಕಂಪನಿಯ ವಿಳಾಸ ಹೊತ್ತು ಇನ್ನೊಂದು ಕಂಪನಿಯ ಲಿಂಕ್‌ನಲ್ಲಿ ಹೊರಟರೆ ಮಾತ್ರ ಪ್ಯಾಕೆಟ್ ಬೀಳುತ್ತದೆ, ನಕಲಿ ವಿಳಾಸ ತಡೆಯುವ ಫಿಲ್ಟರ್ ಅಲ್ಲಿರುತ್ತದೆ. "ಕೆಲವು ಸೈಟ್ ತೆರೆಯುತ್ತೆ, ಕೆಲವು ತೆರೆಯಲ್ಲ" ಎಂಬ ದೂರು ಬಂದರೆ ಮೊದಲು ಇದನ್ನು ನೋಡಿ.

ಕೊನೆಗೆ ಬೀಳಿಸಿ ನೋಡಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮಾಡಿದ ಹೊತ್ತು ಬರೆದಿಡಿ. ಬೆಳಿಗ್ಗೆ ನೋಡಿ ತೀರ್ಮಾನಕ್ಕೆ ಬರಬೇಡಿ, ರಾತ್ರಿ 9ರ ಗ್ರಾಫ್ ನೋಡಿ. ಎಲ್ಲ ಸರಿ ಕಂಡ ಮೇಲೆ ಬೆಳಗಿನ ಜಾವ 4 ಗಂಟೆಗೆ ಹೊಸ ಲಿಂಕ್‌ನ ಸೆಷನ್ ಬೀಳಿಸಿ. ಒಂದು ಮೊಬೈಲ್‌ನ ಡೇಟಾದಿಂದ ಎರಡೂ /24ರ ಒಂದೊಂದು ವಿಳಾಸಕ್ಕೆ ಪಿಂಗ್ ಓಡುತ್ತಿರಲಿ. ಎರಡನೆಯದು ಸ್ವಲ್ಪ ಹೊತ್ತು ತಪ್ಪಿ ಮತ್ತೆ ಬರಬೇಕು. ಬರದಿದ್ದರೆ /23 ಎರಡೂ ಕಡೆ ಕಾಣುತ್ತಿದೆಯಾ ನೋಡಿ. ಕಂಡೂ ಬರದಿದ್ದರೆ ರೂಟರ್‌ನ ಯುಆರ್‌ಪಿಎಫ್ ನೋಡಿ, ಅದು ಬಂದ ಪ್ಯಾಕೆಟ್ ಕಳಿಸಿದವರ ವಿಳಾಸಕ್ಕೆ ವಾಪಸ್ ದಾರಿ ಇದೆಯಾ ಎಂದು ಪರೀಕ್ಷಿಸುವ ವ್ಯವಸ್ಥೆ. ಅಪ್‌ಸ್ಟ್ರೀಮ್ ಕಡೆ ಅದು ಸ್ಟ್ರಿಕ್ಟ್ ಆಗಿದ್ದರೆ, ಒಂದು ಲಿಂಕ್‌ನಲ್ಲಿ ಹೋಗಿ ಇನ್ನೊಂದರಲ್ಲಿ ಬಂದ ಪ್ಯಾಕೆಟ್‌ಗಳನ್ನು ಎಸೆಯುತ್ತಿರುತ್ತದೆ. ಲೂಸ್‌ಗೆ ಬದಲಿಸಿ. ಆಮೇಲೆ ಸೆಷನ್ ಏರಿಸಿ, ಹಳೇ ಲಿಂಕ್ ಬೀಳಿಸಿ ಇದನ್ನೇ ಇನ್ನೊಮ್ಮೆ ಮಾಡಿ.